ಸೀಲಿಯಾಕ್ ರೋಗ: ಗೋಧಿಯ ತ್ಯಾಗವೂ ವ್ರತದ ಶಿಸ್ತೂ



ಆರು ಬಾಹ್ಯ ತಪಗಳಲ್ಲಿ ಅನಶನ, ಅವಮೌದರ್ಯ, ವೃತ್ತಿಪರಿಸಂಖ್ಯಾನ, ರಸಪರಿತ್ಯಾಗ ಎಂಬ ಮೊದಲ ನಾಲ್ಕೂ ಆಹಾರಕ್ಕೆ ಸಂಬಂಧಪಟ್ಟವುಗಳೆಂಬುದನ್ನು ತಾವೆಲ್ಲರೂ ಬಲ್ಲಿರಿ. ಏನನ್ನು ಉಣ್ಣಬೇಕು, ಏನನ್ನು ಬಿಡಬೇಕು, ಯಾವಾಗ ಉಣ್ಣಬಾರದು ಎಂಬ ವಿವೇಕವು ನಮ್ಮ ಮನೆಗಳ ಮಕ್ಕಳಿಗೆ ಎಳೆತನದಿಂದಲೇ ರೂಢಿಯಾಗುತ್ತದೆ. ಈ ತ್ಯಾಗಗಳೆಲ್ಲವೂ ನಮ್ಮ ಸಂಕಲ್ಪದಿಂದ ಹುಟ್ಟುವಂಥವು. ಆದರೆ ಸಂಕಲ್ಪವಿಲ್ಲದೆಯೇ ಒಂದು ಧಾನ್ಯವನ್ನು ಬಾಳಿನುದ್ದಕ್ಕೂ ಬಿಡಬೇಕಾದ ಪ್ರಸಂಗವು ಕೆಲವರಿಗೆ ಒದಗುತ್ತದೆ. ಸೀಲಿಯಾಕ್ ಎಂಬ ರೋಗವುಳ್ಳವರು ಗೋಧಿಯನ್ನು ಅಲ್ಪಸ್ವಲ್ಪವೂ ಸೇವಿಸುವಂತಿಲ್ಲ. ಈ ರೋಗವು ನಮ್ಮ ಮನೆಯಲ್ಲಿಯೇ ಕಾಣಿಸಿಕೊಂಡಿತು. ನಮ್ಮ ಅಜ್ಞಾನದಿಂದ ಅದರ ಪತ್ತೆ ತಡವಾಯಿತು. ಅನ್ಯರ ಮನೆಯಲ್ಲಿ ಹಾಗಾಗದಿರಲೆಂಬ ಉದ್ದೇಶದಿಂದ ಈ ಪಾಠವನ್ನು ಬರೆಯುತ್ತಿದ್ದೇನೆ.

೧. ನಾವು ತಪ್ಪಾಗಿ ತಿಳಿದುದು

ನಮ್ಮದು ಬೆಳಗಾವಿ ಸೀಮೆಯ ಒಕ್ಕಲುತನದ ಮನೆ. ಜೋಳದ ರೊಟ್ಟಿಯೊಡನೆ ದಿನಕ್ಕೊಮ್ಮೆಯಾದರೂ ಚಪಾತಿ, ಹಬ್ಬಕ್ಕೆ ಗೋಧಿಯ ಹುಗ್ಗಿ ಮತ್ತು ಹೋಳಿಗೆ ನಡೆದುಬಂದ ಪದ್ಧತಿ. ಹಿರಿಯ ಸೊಸೆಯು ಅಷ್ಟಮಿ ಚತುರ್ದಶಿಗಳಂದು ಉಪವಾಸ ಮಾಡುತ್ತಿದ್ದಳು. ದಶಲಕ್ಷಣ ಪರ್ವದ ಹತ್ತೂ ದಿನ ಏಕಾಶನವನ್ನು ತಪ್ಪಿಸುತ್ತಿರಲಿಲ್ಲ. ಮದುವೆಯಾಗಿ ಕೆಲವು ವರ್ಷಗಳಲ್ಲಿ ಅವಳು ಸೊರಗತೊಡಗಿದಳು. ಮುಖ ಬಿಳಿಚಿತು, ಕೂದಲು ಉದುರಿತು, ಬಾಯಿಹುಣ್ಣು ಪದೇ ಪದೇ ಬಂದಿತು. ಎರಡು ಸಲ ಗರ್ಭ ನಿಲ್ಲಲಿಲ್ಲ. ರಕ್ತಹೀನತೆಯೆಂದು ಕಬ್ಬಿಣದ ಗುಳಿಗೆ ಕೊಟ್ಟರು. ಎರಡು ವರ್ಷ ನುಂಗಿದರೂ ರಕ್ತ ಏರಲಿಲ್ಲ. ಹೊಟ್ಟೆಯುಬ್ಬರವನ್ನು ಅಜೀರ್ಣವೆಂದೆವು. ಬಂದ ಬಂಧುಗಳು ಅವಳ ಕೃಶ ಶರೀರವನ್ನು ನೋಡಿ ತಪಸ್ಸಿನ ಫಲವೆಂದು ಹೊಗಳಿದರು. ನಾನೂ ಹೊಗಳಿದೆನೆಂಬುದನ್ನು ಮುಚ್ಚಿಡಲಾರೆ.

ಒಂದು ದಿನ ಅವಳು ತಾನಾಗಿಯೇ ನನ್ನೊಡನೆ, “ಅತ್ತೀ, ಉಪಾಸ ಇದ್ದ ದಿನ ನನ್ನ ಹೊಟ್ಟಿ ಹಗುರ ಇರತೈತ್ರಿ, ಮರುದಿನ ಉಂಡಮ್ಯಾಲ ಮತ್ತ ಸುರು ಆಗತೈತ್ರಿ” ಎಂದಳು. ಉಪವಾಸದ ಮಹಿಮೆಯೇ ಇದು ಎಂದು ನಾನು ಉತ್ತರ ಕೊಟ್ಟೆ. ಅವಳ ಮಾತಿನಲ್ಲಿ ರೋಗದ ಸುಳಿವು ಅಡಗಿತ್ತು. ಉಪವಾಸದ ದಿನ ಅವಳ ಹೊಟ್ಟೆಗೆ ಗೋಧಿ ಹೋಗುತ್ತಿರಲಿಲ್ಲ. ಪಾರಣೆಯ ದಿನ ಶಾವಿಗೆಯ ಪಾಯಸವನ್ನೂ ಚಪಾತಿಯನ್ನೂ ಪ್ರೀತಿಯಿಂದ ಬಡಿಸುತ್ತಿದ್ದವಳು ನಾನೇ. ಆಹಾರವಿಲ್ಲದಾಗ ಹೊಟ್ಟೆ ಹಗುರಾಗುವುದು ಅನೇಕ ಹೊಟ್ಟೆಬೇನೆಗಳಲ್ಲಿ ಉಂಟಾದ್ದರಿಂದ ಇದೊಂದೇ ಗುರುತು ಸಾಲದು. ಆದರೂ ಏನನ್ನು ಬಿಟ್ಟಾಗ ಹಿತವಾಯಿತು, ಏನನ್ನು ಉಂಡಾಗ ಅಹಿತವಾಯಿತು ಎಂದು ಕೇಳುವಷ್ಟು ವಿಚಾರ ನಮಗೆ ಹೊಳೆಯಲಿಲ್ಲ.

೨. ರೋಗದ ಸ್ವರೂಪ

ಗೋಧಿಯ ಹಿಟ್ಟನ್ನು ನಾದಿದಾಗ ಅಂಟಿನಂತೆ ಎಳೆಯುವ ಗುಣ ಬರುವುದು ಗ್ಲುಟೆನ್ ಎಂಬ ಸಸಾರಜನಕದಿಂದ. ಬಾರ್ಲಿ ಮತ್ತು ರೈ ಎಂಬ ಧಾನ್ಯಗಳಲ್ಲಿಯೂ ಇದೇ ಜಾತಿಯ ವಸ್ತುಗಳಿವೆ. ಬಹುಮಂದಿಗೆ ಇದರಿಂದ ಯಾವ ಬಾಧೆಯೂ ಇಲ್ಲ. ಆದರೆ ಹುಟ್ಟಿನಿಂದ ಬಂದ ವಂಶವಾಹಿಯ ಒಲವುಳ್ಳ ಕೆಲವರಲ್ಲಿ, ಶರೀರದ ರಕ್ಷಣಾಶಕ್ತಿಯು ಗ್ಲುಟೆನ್ನಿನ ನಿಮಿತ್ತದಿಂದ ಕೆರಳಿ ತನ್ನ ಸಣ್ಣಕರುಳಿನ ಮೇಲೆಯೇ ತಿರುಗಿ ಬೀಳುತ್ತದೆ. ಸಣ್ಣಕರುಳಿನ ಒಳಮೈಯಲ್ಲಿ ಮಖಮಲ್ಲಿನ ಎಳೆಗಳಂತೆ ಬೆರಳಾಕಾರದ ಅತಿ ಸೂಕ್ಷ್ಮ ಚಾಚುಗಳಿವೆ. ವೈದ್ಯರು ಅವನ್ನು ವಿಲ್ಲೈ ಎನ್ನುವರು. ಉಂಡ ಅನ್ನದ ಸಾರವನ್ನು ಹೀರಿ ರಕ್ತಕ್ಕೆ ಸೇರಿಸುವುದು ಅವುಗಳ ಕೆಲಸ. ಈ ರೋಗದಲ್ಲಿ ಅವು ಸವೆದು ಚಪ್ಪಟೆಯಾಗುತ್ತವೆ. ಆಗ ಎಷ್ಟು ಉಂಡರೂ ಕಬ್ಬಿಣ, ಸುಣ್ಣದ ಅಂಶ ಮತ್ತು ಜೀವಸತ್ತ್ವಗಳು ಮೈಗೆ ಹತ್ತುವುದಿಲ್ಲ. ನಮ್ಮ ಸೊಸೆ ನುಂಗಿದ ಗುಳಿಗೆಗಳು ವ್ಯರ್ಥವಾದುದರ ಕಾರಣ ಇದೇ.

ಮಕ್ಕಳಲ್ಲಿ ಭೇದಿ, ಉಬ್ಬಿದ ಹೊಟ್ಟೆ, ಸಿಡುಕು, ವಯಸ್ಸಿಗೆ ತಕ್ಕಂತೆ ಬೆಳೆಯದಿರುವುದು ಇದರ ಲಕ್ಷಣಗಳು. ದೊಡ್ಡವರಲ್ಲಿ ಭೇದಿ ಇಲ್ಲದೆಯೂ ರೋಗವಿರಬಹುದು. ಗುಳಿಗೆಗೆ ಬಗ್ಗದ ರಕ್ತಹೀನತೆ, ಎಲುಬಿನ ಸವೆತ, ಬಾಯಿಹುಣ್ಣು, ಬಂಜೆತನ, ಗರ್ಭಪಾತ, ತುರಿಕೆಯ ಗುಳ್ಳೆಗಳು, ಕಾರಣ ತಿಳಿಯದ ಆಯಾಸ ಮುಂತಾದ ರೂಪಗಳಲ್ಲಿ ಅದು ತೋರುತ್ತದೆ. ಇಂಥವು ಕಂಡಾಗ ಪರೀಕ್ಷೆ ಮಾಡಿಸುವುದು ಅವಶ್ಯ.

ವಯಸ್ಕರನ್ನು ಕುರಿತು ೨೦೧೬ರಲ್ಲಿ ಪ್ರಕಟವಾದ ಭಾರತದ ಒಂದು ಅಧ್ಯಯನದಂತೆ ಈ ರೋಗವು ಉತ್ತರ ಭಾರತದಲ್ಲಿ ಸಾವಿರಕ್ಕೆ ಸುಮಾರು ೧೨ ಮಂದಿಯಲ್ಲಿಯೂ, ದಕ್ಷಿಣದಲ್ಲಿ ಸಾವಿರಕ್ಕೆ ಸುಮಾರು ಒಬ್ಬರಲ್ಲಿಯೂ ಇದೆ. ವಂಶವಾಹಿಯ ಒಲವು ದಕ್ಷಿಣದವರಲ್ಲಿಯೂ ಇದೆ. ಗೋಧಿಯ ಬಳಕೆ ಮಾತ್ರ ಇಲ್ಲಿ ಬಹಳ ಕಡಿಮೆ. ಅಕ್ಕಿಯುಣ್ಣುವ ಕರಾವಳಿಯ ಮನೆಗಳಿಗಿಂತ ದಿನವೂ ಗೋಧಿಯುಣ್ಣುವ ನಮ್ಮಂಥ ಮನೆಗಳು ಇದನ್ನು ಹೆಚ್ಚು ತಿಳಿದಿರಬೇಕು.

೩. ಕ್ಷಾಮವು ಕಲಿಸಿದ ಪಾಠ

೧೮೮೮ರಲ್ಲಿ ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ಗೀ ಎಂಬಾತನು ಈ ರೋಗವನ್ನು ವಿಶದವಾಗಿ ವರ್ಣಿಸಿ, ಗುಣವಾಗುವುದಾದರೆ ಅದು ಆಹಾರದ ಮೂಲಕವೇ ಎಂದು ಊಹಿಸಿದನು. ಆದರೆ ಯಾವ ಆಹಾರವನ್ನು ಬಿಡಬೇಕೆಂಬುದು ಅವನಿಗೆ ತಿಳಿಯಲಿಲ್ಲ. ಅದನ್ನು ಸ್ಥಾಪಿಸಿದವನು ಹಾಲೆಂಡಿನ ಹೇಗ್ ನಗರದ ಮಕ್ಕಳ ವೈದ್ಯ ವಿಲ್ಲೆಮ್ ಕಾರೆಲ್ ಡಿಕೆ. ಗೋಧಿಯ ವಿಷಯದಲ್ಲಿ ಅವನಿಗೆ ಮೊದಲೇ ಸಂದೇಹವಿತ್ತು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, ೧೯೪೪-೪೫ರ ಚಳಿಗಾಲದಲ್ಲಿ, ಹಾಲೆಂಡಿಗೆ ಭೀಕರ ಕ್ಷಾಮ ಬಂದಿತು, ರೊಟ್ಟಿ ದುರ್ಲಭವಾಯಿತು. ನಾಡಿನವರೆಲ್ಲ ಹಸಿವಿನಿಂದ ಕಂಗೆಟ್ಟಿರುವಾಗ ಈ ರೋಗದ ಮಕ್ಕಳು ಮಾತ್ರ ಸುಧಾರಿಸಿದರು. ಯುದ್ಧ ಮುಗಿದು ರೊಟ್ಟಿ ಮರಳಿ ಬಂದಾಗ ಅವರ ರೋಗವೂ ಮರಳಿತು. ಡಿಕೆಯ ಸಂದೇಹವು ದೃಢವಾಯಿತು. ಮುಂದೆ ಕ್ರಮವಾಗಿ ಪರೀಕ್ಷಿಸಿ ೧೯೫೦ರಲ್ಲಿ ತನ್ನ ಮಹಾಪ್ರಬಂಧದಲ್ಲಿ ಅದನ್ನು ಪ್ರತಿಪಾದಿಸಿದನು.

ಈ ವೃತ್ತಾಂತವನ್ನು ಓದಿದಾಗ ನಮ್ಮ ಸೊಸೆಯ ಮಾತು ನನಗೆ ನೆನಪಾಯಿತು. ಹಾಲೆಂಡಿನ ಮಕ್ಕಳಿಗೆ ಕ್ಷಾಮವು ತೋರಿಸಿದುದನ್ನೇ ಅವಳಿಗೆ ಉಪವಾಸವು ತಿಂಗಳಿಗೆ ನಾಲ್ಕು ಸಲ ತೋರಿಸುತ್ತಿತ್ತು. ನೋಡುವ ಕಣ್ಣು ನಮಗಿರಲಿಲ್ಲ.

೪. ಪರೀಕ್ಷೆಯ ಕ್ರಮ ಮತ್ತು ವ್ರತಿಗಳಿಗೆ ಎಚ್ಚರಿಕೆ

ಕೊನೆಗೆ ಪರ ಊರಿನ ವೈದ್ಯರೊಬ್ಬರು ಸಂಶಯಪಟ್ಟು ಟಿಟಿಜಿ ಎಂಬ ರಕ್ತಪರೀಕ್ಷೆ ಮಾಡಿಸಿದರು. ಇದು ಈ ರೋಗದಲ್ಲಿ ಹುಟ್ಟುವ ಪ್ರತಿಕಾಯಗಳನ್ನು ಅಳೆಯುತ್ತದೆ. ಪ್ರಮಾಣ ಹೆಚ್ಚಿದ್ದರೆ ಬಾಯಿಯ ಮೂಲಕ ತೆಳುವಾದ ನಳಿಕೆಯನ್ನು ಇಳಿಸಿ ಎಂಡೋಸ್ಕೊಪಿ ಮಾಡಿ, ಸಣ್ಣಕರುಳಿನ ಮೊದಲ ಭಾಗದಿಂದ ಚೂರುಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಚಾಚುಗಳು ಸವೆದಿರುವುದು ಆಗ ಕಾಣುತ್ತದೆ.

ಗೋಧಿಯೇ ಕಾರಣವಿರಬಹುದೆಂದು ಕೇಳಿದೊಡನೆ ನಾವು ಅಂದೇ ಗೋಧಿ ಬಿಡಿಸಲು ಹೊರಟೆವು. ವೈದ್ಯರು ತಡೆದರು. ಇಲ್ಲಿ ಓದುಗರು ವಿಶೇಷವಾಗಿ ಗಮನಿಸಬೇಕು. ಪರೀಕ್ಷೆಗಳು ಮುಗಿಯುವವರೆಗೆ ಗೋಧಿಯನ್ನು ಬಿಡಬಾರದು. ಬಿಟ್ಟರೆ ಪ್ರತಿಕಾಯಗಳು ಇಳಿದು, ಕರುಳು ಮಾಯತೊಡಗಿ, ರೋಗವಿದ್ದರೂ ಇಲ್ಲವೆಂಬ ಫಲಿತಾಂಶ ಬರಬಹುದು. ನಮ್ಮಲ್ಲಿ ಚಾತುರ್ಮಾಸದಲ್ಲಿಯೋ ಯಾವುದಾದರೂ ನೋಂಪಿಯ ನಿಮಿತ್ತದಿಂದಲೋ ಕೆಲವು ತಿಂಗಳು ಒಂದು ಧಾನ್ಯವನ್ನು ತ್ಯಜಿಸುವವರಿದ್ದಾರೆ. ಹಾಗೆ ಗೋಧಿ ಬಿಟ್ಟವರು ಆ ಸಂಗತಿಯನ್ನು ವೈದ್ಯರಿಗೆ ಮುಚ್ಚದೆ ತಿಳಿಸಬೇಕು. ಪರೀಕ್ಷೆಗೆ ಮುಂಚೆ ಕನಿಷ್ಠ ೬ ವಾರ ದಿನವೂ ಗೋಧಿ ಸೇವಿಸಲು ಅವರು ಸೂಚಿಸಬಹುದು. ಆಜೀವನ ನಿಯಮವಿರುವವರಿಗೆ ವಂಶವಾಹಿಯ ಪರೀಕ್ಷೆಯೊಂದು ಉಂಟು. ಅದಕ್ಕೆ ಗೋಧಿ ತಿನ್ನಬೇಕಾಗಿಲ್ಲ. ಆ ವಂಶವಾಹಿ ಇಲ್ಲವೆಂದಾದರೆ ರೋಗವೂ ಬಹುಮಟ್ಟಿಗೆ ಇಲ್ಲವೆಂದೇ ತಿಳಿಯಬಹುದು. ಇದೆಯೆಂದ ಮಾತ್ರಕ್ಕೆ ರೋಗವಿದೆಯೆಂದು ಹೇಳಲಾಗದು.

ರೋಗಿಯ ತಂದೆತಾಯಿ, ಒಡಹುಟ್ಟಿದವರು ಮತ್ತು ಮಕ್ಕಳಲ್ಲಿ ಸುಮಾರು ಹತ್ತರಲ್ಲೊಬ್ಬರಿಗೆ ಈ ರೋಗವಿರುವ ಸಂಭವವಿದೆ. ನಮ್ಮ ಆರು ವರ್ಷದ ಮೊಮ್ಮಗಳು ಓರಗೆಯ ಮಕ್ಕಳಿಗಿಂತ ಗಿಡ್ಡಾಗಿದ್ದಳು. ಬೇರೆ ಯಾವ ಬಾಧೆಯೂ ಇರಲಿಲ್ಲ. ತಾಯಿಯ ನಿಮಿತ್ತದಿಂದ ಪರೀಕ್ಷಿಸಿದಾಗ ಅವಳಲ್ಲಿಯೂ ಅದೇ ರೋಗ ಕಂಡಿತು.

೫. ಅಡಿಗೆಮನೆಯ ನಿಯಮ

ಈ ರೋಗಕ್ಕೆ ಸದ್ಯಕ್ಕೆ ಇರುವ ಚಿಕಿತ್ಸೆ ಗ್ಲುಟೆನ್ನಿನ ಸಂಪೂರ್ಣ ವರ್ಜನವೊಂದೇ. ಚಪಾತಿಯೊಂದರಲ್ಲಿ ಎರಡು ಮೂರು ಗ್ರಾಂ ಗ್ಲುಟೆನ್ ಇರುತ್ತದೆ. ದಿನಕ್ಕೆ ೫೦ ಮಿಲಿಗ್ರಾಂ, ಎಂದರೆ ಚಪಾತಿಯ ಐವತ್ತನೆಯ ಒಂದು ಪಾಲು, ಮೂರು ತಿಂಗಳು ಹೊಟ್ಟೆಗೆ ಹೋದರೂ ಕರುಳಿಗೆ ಹಾನಿಯಾಗುವುದೆಂದು ಪರೀಕ್ಷೆಗಳಿಂದ ತಿಳಿದುಬಂದಿದೆ.

ಬಿಡತಕ್ಕವು: ಗೋಧಿ, ರವೆ, ಚಿರೋಟಿ ರವೆ, ಮೈದಾ, ಗೋಧಿಯ ನುಚ್ಚು, ಗೋಧಿಯ ಶಾವಿಗೆ, ಬಾರ್ಲಿ, ಮಾಲ್ಟ್ ಬೆರೆತ ಪೇಯಗಳು, ಬ್ರೆಡ್ಡು, ಬಿಸ್ಕತ್ತು. ಕಪ್ಲಿ ಮೊದಲಾದ ಹಳೆಯ ತಳಿಗಳು ಹೊಟ್ಟೆಗೆ ಹಗುರವೆಂದು ಹೇಳುವುದುಂಟು. ಅವೂ ಗೋಧಿಯೇ ಆದುದರಿಂದ ಈ ರೋಗಿಗಳಿಗೆ ವರ್ಜ್ಯ.

ಉಣ್ಣತಕ್ಕವು: ಅಕ್ಕಿ, ಜೋಳ, ರಾಗಿ, ಸಜ್ಜೆ, ನವಣೆ, ಸಾಮೆ, ಹಾರಕ, ಮೆಕ್ಕೆಜೋಳ, ರಾಜಗಿರಿ, ಎಲ್ಲ ಬೇಳೆಕಾಳುಗಳು, ನಿಯಮಕ್ಕೆ ಒಪ್ಪುವ ತರಕಾರಿ ಹಣ್ಣುಗಳು, ಹಾಲು, ತುಪ್ಪ. ರೋಗದ ಆರಂಭದಲ್ಲಿ ಕೆಲವರಿಗೆ ಹಾಲು ಒಗ್ಗದು. ಕರುಳು ಮಾಯ್ದ ಮೇಲೆ ಮತ್ತೆ ಒಗ್ಗುತ್ತದೆ.

ನಮ್ಮ ಮನೆಗಳಲ್ಲಿ ಎಡವುವ ಸ್ಥಳಗಳು ಹೀಗಿವೆ:

(ಅ) ಇಂಗು. ಈರುಳ್ಳಿ ಬೆಳ್ಳುಳ್ಳಿಗಳನ್ನು ಬಳಸದ ನಮ್ಮ ಅಡಿಗೆಯಲ್ಲಿ ಒಗ್ಗರಣೆಯ ಪರಿಮಳಕ್ಕೆ ಇಂಗೇ ಆಧಾರ. ಅಂಗಡಿಯ ಕೂಟು ಇಂಗಿನಲ್ಲಿ ಅನೇಕ ವೇಳೆ ಗೋಧಿಯ ಹಿಟ್ಟು ಸೇರಿರುತ್ತದೆ. ಚಪಾತಿ ಬಿಟ್ಟು ಮೂರು ತಿಂಗಳಾದರೂ ಸೊಸೆಯ ಬಾಧೆ ಪೂರ್ತಿ ಇಳಿಯದಿದ್ದಾಗ ಡಬ್ಬಿಯ ಮೇಲಿನ ಅಕ್ಷರಗಳನ್ನು ಓದಿ ನಾವು ಇದನ್ನು ಕಂಡುಕೊಂಡೆವು. ಅಕ್ಕಿ ಹಿಟ್ಟು ಬೆರೆಸಿದ ಇಂಗು ದೊರೆಯುತ್ತದೆ; ಇಲ್ಲವಾದರೆ ಜೀರಿಗೆಯಿಂದಲೇ ಒಗ್ಗರಣೆ ಮಾಡಬಹುದು.

(ಆ) ಗಿರಣಿ. ಗೋಧಿ ಬೀಸಿದ ಗಿರಣಿಯಲ್ಲಿಯೇ ಜೋಳವನ್ನು ಬೀಸಿದರೆ ಗೋಧಿಯ ಹಿಟ್ಟು ಬೆರೆಯದೆ ಇರದು. ಹಿಟ್ಟಿನ ಮರ್ಯಾದೆಯು ಮಳೆಗಾಲದಲ್ಲಿ ೩ ದಿನ, ಬೇಸಿಗೆಯಲ್ಲಿ ೫ ದಿನ, ಚಳಿಗಾಲದಲ್ಲಿ ೭ ದಿನವೆಂದು ಪಾಲಿಸುವ ಮನೆಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಮನೆಯಲ್ಲಿಯೇ ಬೀಸಿಕೊಳ್ಳುವ ರೂಢಿಯಿತ್ತು. ಜೀವದಯೆಗಾಗಿ ಬಂದ ಆ ರೂಢಿಯು ಈ ರೋಗಿಗೂ ರಕ್ಷೆಯಾಗುತ್ತದೆ. ಕಾಳನ್ನು ಆರಿಸುವಾಗ ಹುಳುವನ್ನು ನೋಡುವಂತೆ ಬೆರೆತ ಗೋಧಿಯ ಕಾಳನ್ನೂ ನೋಡಿ ತೆಗೆಯಬೇಕು.

(ಇ) ಪಾತ್ರೆಗಳು. ಲಟ್ಟಣಿಗೆ, ಮಣೆ, ಜರಡಿ, ಹಂಚು, ಇವು ರೋಗಿಗೆ ಬೇರೆಯೇ ಇರಲಿ. ಪೂರಿ ಕರಿದ ಎಣ್ಣೆಯಲ್ಲಿ ಹಪ್ಪಳ ಕರಿದು ಕೊಡಬಾರದು. ಕಣಕ ನಾದಿದ ಕೈಯನ್ನು ತೊಳೆಯದೆ ಬಡಿಸಬಾರದು.

(ಈ) ಅಂಗಡಿಯ ಪೊಟ್ಟಣಗಳು. ನಮ್ಮ ದೇಶದ ಆಹಾರ ನಿಯಮದಂತೆ ಗ್ಲುಟೆನ್ ರಹಿತವೆಂಬ ಗುರುತುಳ್ಳ ಪದಾರ್ಥದಲ್ಲಿ ಕಿಲೋಗ್ರಾಮಿಗೆ ೨೦ ಮಿಲಿಗ್ರಾಮಿಗಿಂತ ಹೆಚ್ಚು ಗ್ಲುಟೆನ್ ಇರಬಾರದು. ಆದರೆ ಆ ಗುರುತು ನಮಗೆ ಅರ್ಧ ಮಾತ್ರ. ಇಂಥ ಬ್ರೆಡ್ಡು ಬಿಸ್ಕತ್ತುಗಳಲ್ಲಿ ಗೋಧಿಗೆ ಬದಲಾಗಿ ಆಲೂಗಡ್ಡೆಯ ಅಥವಾ ಮರಗೆಣಸಿನ ಪಿಷ್ಟ, ಕೆಲವೊಮ್ಮೆ ಮೊಟ್ಟೆ ಸೇರಿರುತ್ತದೆ. ರೋಗದ ದೃಷ್ಟಿಯಿಂದ ಒಮ್ಮೆ, ಅಭಕ್ಷ್ಯ ಮತ್ತು ಕಂದಮೂಲದ ದೃಷ್ಟಿಯಿಂದ ಇನ್ನೊಮ್ಮೆ, ಹೀಗೆ ಎರಡು ಸಲ ಓದಿ ಕೊಳ್ಳಬೇಕು. ಗೋಧಿಗೆ ಬದಲು ಕಡಲೆಹಿಟ್ಟಿನ ಬಳಕೆ ಹೆಚ್ಚಾಗುವಲ್ಲಿ ದ್ವಿದಳದ ನಿಯಮವೂ ನೆನಪಿನಲ್ಲಿರಲಿ.

ಹಬ್ಬದ ಸಿಹಿಗೆ ಕೊರತೆಯಿಲ್ಲ. ಹೋಳಿಗೆಯ ದಿನ ನಮ್ಮಲ್ಲಿ ಈಗ ಕಡುಬಾಗುತ್ತದೆ. ಹೂರಣ ಅದೇ, ಹೊರಗಿನ ಕಣಕ ಮಾತ್ರ ಅಕ್ಕಿಯದು. ಗೋಧಿಯ ಹುಗ್ಗಿಯ ಸ್ಥಾನದಲ್ಲಿ ನವಣೆಯ ಹುಗ್ಗಿ ಬಂದಿದೆ. ತಾಯಿಮಗಳಿಬ್ಬರಿಗೆ ಮಾತ್ರ ಬೇರೆ ಬೇಯಿಸುವುದನ್ನು ಬಿಟ್ಟು ಹಬ್ಬದ ಅಡಿಗೆಯನ್ನು ಎಲ್ಲರಿಗೂ ಒಂದೇ ಮಾಡುತ್ತೇವೆ. ಪಂಕ್ತಿಯಲ್ಲಿ ಕುಳಿತ ಮಗುವಿಗೆ ತನ್ನ ಎಲೆ ಬೇರೆಯೆಂಬ ಭಾವ ಬರದಿರುವುದು ಔಷಧದಷ್ಟೇ ಮುಖ್ಯ.

೬. ಪರ್ವದಿನಗಳಲ್ಲಿ ಹೇಗೆ?

ರೋಗ ನಿರ್ಣಯವಾದ ದಿನ ಸೊಸೆಯು ಗೋಧಿಗಾಗಿ ಅಳಲಿಲ್ಲ. ಶರೀರ ಸುಧಾರಿಸುವವರೆಗೆ ಉಪವಾಸ ಕೂಡದೆಂದು ವೈದ್ಯರು ಹೇಳಿದಾಗ ಕಣ್ಣೀರಿಟ್ಟಳು. ಕೈಗೊಂಡ ನಿಯಮವನ್ನು ತಾನಾಗಿ ಸಡಿಲಿಸಬಾರದೆಂದು, ನಿಯಮ ಕೊಟ್ಟ ತ್ಯಾಗಿಗಳ ಸನ್ನಿಧಿಗೆ ಅವಳನ್ನು ಕರೆದೊಯ್ದು ಎಲ್ಲವನ್ನೂ ನಿವೇದಿಸಿದೆವು. ಅವರು ಷೋಡಶಕಾರಣ ಭಾವನೆಗಳಲ್ಲಿ ತ್ಯಾಗಕ್ಕೂ ತಪಸ್ಸಿಗೂ ಶಕ್ತಿಯ ಮಿತಿಯನ್ನು ಹೇಳಿರುವುದನ್ನು ನೆನಪಿಸಿ, ಶಕ್ತಿಯನ್ನು ಬಚ್ಚಿಡುವುದೂ ತಪ್ಪು, ಮೀರುವುದೂ ತಪ್ಪು ಎಂದು ತಿಳಿಯಹೇಳಿದರು. ಉಪವಾಸದ ಬದಲು ಆ ದಿನಗಳಲ್ಲಿ ಸ್ವಾಧ್ಯಾಯವನ್ನು ಹೆಚ್ಚಿಸಿಕೊಳ್ಳಲು ಅಪ್ಪಣೆಯಾಯಿತು.

ಕರುಳು ಮಾಯಲು ತಿಂಗಳುಗಳೇ ಬೇಕು. ದೊಡ್ಡವರಲ್ಲಿ ವರ್ಷಗಳೂ ಆಗಬಹುದು. ಆ ಅವಧಿಯಲ್ಲಿ ಕಬ್ಬಿಣ, ಫೋಲಿಕ್ ಆಮ್ಲ, ಸುಣ್ಣದ ಅಂಶ, ಡಿ ಮತ್ತು ಬಿ-೧೨ ಜೀವಸತ್ತ್ವಗಳ ಕೊರತೆಯನ್ನು ವೈದ್ಯರು ನೋಡಿ ತುಂಬಿಸುತ್ತಾರೆ. ಔಷಧದ ಗುಳಿಗೆಯಲ್ಲಿ ಗೋಧಿಯ ಪಿಷ್ಟವಿದೆಯೇ, ಅದರ ಹೊರಕೋಶ ಪ್ರಾಣಿಜನ್ಯವೇ ಎಂಬೆರಡನ್ನೂ ಕೇಳಿ ತಿಳಿಯಬೇಕು. ಕೊರತೆ ತುಂಬಿದ ಮೇಲೆ ಉಪವಾಸದ ವಿಷಯವನ್ನು ವೈದ್ಯರೊಡನೆಯೂ ಗುರುಗಳೊಡನೆಯೂ ವಿಚಾರಿಸಿ ನಿಶ್ಚಯಿಸಬೇಕು. ಪಾರಣೆಗೆ ಹೆಸರುಬೇಳೆಯ ತಿಳಿ, ಅಕ್ಕಿಯ ಗಂಜಿ ಯೋಗ್ಯ.

೭. ಶಂಕಾ ಸಮಾಧಾನ

ಶಂಕೆ: ರೋಗದ ನಿಮಿತ್ತ ಗೋಧಿ ಬಿಟ್ಟವರಿಗೆ ರಸಪರಿತ್ಯಾಗದ ಫಲವುಂಟೇ?
ಸಮಾಧಾನ: ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪು ಎಂಬ ರಸಗಳಲ್ಲಿ ಗೋಧಿ ಸೇರಿಲ್ಲ. ದೇಹರಕ್ಷಣೆಗಾಗಿ ಬಿಟ್ಟುದು ಪಥ್ಯವೆನಿಸುವುದು. ಆದರೆ ಕೊರಗದೆ, ಅನ್ಯರ ಎಲೆಯನ್ನು ನೋಡಿ ಕರುಬದೆ ಅದನ್ನು ಪಾಲಿಸಿದರೆ ಆ ಸಮತಾಭಾವವು ಅವರ ಸ್ವಂತ ಗಳಿಕೆ.

ಶಂಕೆ: ರೋಗವು ಅಸಾತಾವೇದನೀಯ ಕರ್ಮದ ಉದಯವಾದ ಮೇಲೆ ಸುಮ್ಮನೆ ಸಹಿಸಬಾರದೇಕೆ?
ಸಮಾಧಾನ: ಕರ್ಮದ ಉದಯಕ್ಕೆ ಬಾಹ್ಯ ನಿಮಿತ್ತವೂ ಇರುತ್ತದೆ. ಇಲ್ಲಿ ನಿಮಿತ್ತವು ಗೋಧಿ ಎಂದು ತಿಳಿದ ಮೇಲೂ ಬಡಿಸುವುದು ಸಹನೆಯಲ್ಲ, ಪ್ರಮಾದ. ಎರಡು ವರ್ಷ ನಾವು ಮಾಡಿದುದು ಇದನ್ನೇ. ಸಹಿಸಿದವಳು ಅವಳು, ಕರ್ಮವೆಂದು ಹೇಳಿ ಸುಮ್ಮನಿದ್ದವರು ನಾವು.

ಶಂಕೆ: ಹಬ್ಬದ ಒಂದು ದಿನ ಒಂದು ತುಣುಕು ತಿಂದರೆ ಆಗುವುದೇನು?
ಸಮಾಧಾನ: ಹೊಟ್ಟೆನೋವು ಬಾರದಿದ್ದರೂ ಒಳಗೆ ಹಾನಿಯಾಗಬಹುದು. ರಾತ್ರಿಭೋಜನ ತ್ಯಾಗಿಗೆ ಒಂದು ತುತ್ತು ಉಣ್ಣೆಂದು ನಾವು ಒತ್ತಾಯಿಸುವುದಿಲ್ಲ. ಆ ಮರ್ಯಾದೆಯನ್ನು ಈ ರೋಗಿಗೂ ಸಲ್ಲಿಸಬೇಕು.

ಶಂಕೆ: ಹಾಗಾದರೆ ಎಲ್ಲರೂ ಗೋಧಿ ಬಿಡುವುದು ಒಳ್ಳೆಯದಲ್ಲವೇ?
ಸಮಾಧಾನ: ಬೇಕಾಗಿಲ್ಲ. ರೋಗವಿಲ್ಲದ ಬಹುಮಂದಿಗೆ ಗ್ಲುಟೆನ್ನಿನಿಂದ ಬಾಧೆಯಿಲ್ಲ. ಸಂಶಯವುಳ್ಳವರು ಮೊದಲು ಪರೀಕ್ಷೆ ಮಾಡಿಸಿ, ಅನಂತರ ಬಿಡಬೇಕು.

ಉಪಸಂಹಾರ

ಒಂದು ವರ್ಷದಲ್ಲಿ ಸೊಸೆಯ ರಕ್ತ ತುಂಬಿತು, ಪ್ರತಿಕಾಯಗಳು ಇಳಿದವು. ಮೊಮ್ಮಗಳು ಬೆಳೆಯತೊಡಗಿದಳು. ಮೂರನೆಯ ವರ್ಷದ ದಶಲಕ್ಷಣದಲ್ಲಿ ವೈದ್ಯರ ಮತ್ತು ಗುರುಗಳ ಒಪ್ಪಿಗೆ ಪಡೆದು ಸೊಸೆಯು ಏಕಾಶನ ಮಾಡಿದಳು. ಕಳೆದ ಅನಂತ ಚತುರ್ದಶಿಯಂದು ಉಪವಾಸವನ್ನೂ ಮಾಡಿದಳು. ಈ ಸಲ ಅವಳು ಕೃಶಳಾಗಿರಲಿಲ್ಲ. ಯಾರೂ ತಪಸ್ವಿನಿಯೆಂದು ಹೊಗಳಲಿಲ್ಲ. ಆ ಉಪವಾಸವನ್ನು ನೋಡಿ ನನಗಾದ ನೆಮ್ಮದಿ ಹಿಂದಿನ ಯಾವ ಉಪವಾಸದಿಂದಲೂ ಆಗಿರಲಿಲ್ಲ.

ಬಿಟ್ಟುದೆಲ್ಲವೂ ವ್ರತವಾಗುವುದಿಲ್ಲ. ಆದರೆ ವ್ರತವನ್ನು ಪಾಲಿಸಬಲ್ಲ ಮನೆಗೆ ಈ ಪಥ್ಯವು ಕಷ್ಟವಲ್ಲ. ಪೂರ್ಣವಾಗಿ ಬಿಡುವುದು, ವಿಚಾರಿಸಿ ಉಣ್ಣುವುದು, ಅತಿಚಾರಕ್ಕೆ ಎಡೆಗೊಡದಿರುವುದು, ಇವನ್ನು ನಾವು ಹೊಸದಾಗಿ ಕಲಿಯಬೇಕಾಗಿಲ್ಲ. ನಾವು ಕಲಿಯಬೇಕಾದುದು ಒಂದೇ. ಉಪವಾಸ ಮಾಡುವವರ ಮುಖವನ್ನು ಪಾರಣೆಯ ಮರುದಿನವೂ ನೋಡಬೇಕು. ಅವರು ತಮ್ಮ ದೇಹದ ವಿಷಯವಾಗಿ ಆಡುವ ಮಾತನ್ನು ಕಿವಿಗೊಟ್ಟು ಕೇಳಬೇಕು. ಪಾಠಕರು ತಮ್ಮ ತಮ್ಮ ಮನೆಗಳಲ್ಲಿ ಇದನ್ನು ಓದಿ ವಿಚಾರಿಸಲೆಂದು ಪ್ರಾರ್ಥಿಸುತ್ತೇನೆ.

ಜೈ ಜಿನೇಂದ್ರ.